ದ್ವಿಜನ ಎರಡನೆಯ ಹುಟ್ಟು

‘ದ್ವಿಜ’ ಎಂಬ ಶಬ್ದಕ್ಕೆ ಅಮರಕೋಶವು ಹಲ್ಲು, ವಿಪ್ರ, ಹಕ್ಕಿ ಎಂದು ಮೂರು ಅರ್ಥಗಳನ್ನು ಕೊಡುತ್ತದೆ. ಹಕ್ಕಿಯು ಮೊದಲು ಮೊಟ್ಟೆಯಾಗಿ, ಬಳಿಕ ಮರಿಯಾಗಿ ಎರಡು ಸಲ ಹುಟ್ಟುವುದರಿಂದ ಅದು ದ್ವಿಜವೆಂದು ನಾನು ತರಗತಿಯಲ್ಲಿ ವರ್ಷವರ್ಷವೂ ಒಪ್ಪಿಸುತ್ತ ಬಂದಿದ್ದೇನೆ. ಆ ಎರಡು ಹುಟ್ಟುಗಳ ನಡುವೆ ನಡೆಯುವುದೇನೆಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ಹೇಳಲು ನನಗೂ ಬರುತ್ತಿರಲಿಲ್ಲ.

ಅದನ್ನು ಕಲಿಸಿದವಳು ನಮ್ಮ ಹಿತ್ತಿಲಾಚೆಯ ಮನೆಯ ಅಜ್ಜಿ. ಬಿದಿರುಬುಟ್ಟಿಯಲ್ಲಿ ಹುಲ್ಲು ಹಾಸಿ, ಹನ್ನೊಂದು ಮೊಟ್ಟೆಗಳ ಮೇಲೆ ಹೇಂಟೆಯೊಂದನ್ನು ಕಾವಿಗೆ ಕೂರಿಸಿದ್ದಳು. ಐದನೆಯ ರಾತ್ರಿ ಒಂದು ಮೊಟ್ಟೆಯನ್ನು ಟಾರ್ಚಿನ ಬೆಳಕಿಗೆ ಹಿಡಿದು, “ನೋಡಿ ಮೇಷ್ಟ್ರೇ” ಎಂದಳು. ಕೆಂಪು ಎಳೆಗಳನ್ನು ಸುತ್ತಲೂ ಚಾಚಿದ ಜೇಡದಂಥದೊಂದು ಆಕೃತಿ; ನಡುವೆ ಕರಿಯ ಚುಕ್ಕೆ. ನಾನು ದಿಗ್ಭ್ರಾಂತನಾದೆ.

ಮರುದಿನವೇ ವಾಚನಾಲಯದಿಂದ ಪುಸ್ತಕ ತಂದೆ. ಕೋಳಿ ಮೊಟ್ಟೆಯಿಡುವ ಹೊತ್ತಿಗೇ ಹಳದಿಯ ಮೇಲಿನ ಬಿಳಿ ಚುಕ್ಕೆಯಲ್ಲಿ ಸಾವಿರಾರು ಜೀವಕೋಶಗಳಿರುತ್ತವೆ. ಹೊರಗಿನ ತಂಪಿಗೆ ಆ ಬೆಳವಣಿಗೆ ತಡೆದು ನಿಲ್ಲುತ್ತದೆ. ಸುಮಾರು 38 ಡಿಗ್ರಿ ಸೆಲ್ಸಿಯಸ್ ಕಾವು ತಗುಲಿದಾಗ ಮತ್ತೆ ಹೊರಡುತ್ತದೆ. ಬೇರೆ ಬೇರೆ ದಿನ ಇಟ್ಟ ಮೊಟ್ಟೆಗಳು ಒಟ್ಟಿಗೆ ಒಡೆಯುವ ಗುಟ್ಟು ಇದೇ. ಎರಡನೆಯ ದಿನ ಕಳೆಯುವುದರೊಳಗೆ ಹೃದಯ ಮಿಡಿಯತೊಡಗುತ್ತದೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಗ್ರೀಸಿನ ಅರಿಸ್ಟಾಟಲನು ಕಾವಿನ ಮೊಟ್ಟೆಗಳ ಒಳಗನ್ನು ದಿನಕ್ರಮದಲ್ಲಿ ವರ್ಣಿಸಿದನು. ಮಿಡಿಯುವ ಆ ರಕ್ತಬಿಂದುವನ್ನು ಭೂತಗನ್ನಡಿಯೂ ಇಲ್ಲದ ಕಾಲದಲ್ಲಿ ಬಣ್ಣಿಸಿದನು. ಸೂಕ್ಷ್ಮದರ್ಶಕ ಹಿಡಿದು ಅದನ್ನೇ ನೋಡಿದ ಇಟಲಿಯ ಮಾಲ್ಪೀಘಿ ಬಂದದ್ದು 1670ರ ದಶಕದಲ್ಲಿ.

ಆಮೇಲಿನದು ಬೆರಗಿನ ಸಂಸಾರ. ಭ್ರೂಣದಿಂದ ಹೊರಟ ತೆಳುಚೀಲವೊಂದು ಚಿಪ್ಪಿನ ಒಳಮೈಗೆ ಹಬ್ಬಿಕೊಳ್ಳುತ್ತದೆ. ಅದರ ತುಂಬ ರಕ್ತನಾಳಗಳು. ಚಿಪ್ಪಿನ ಸಾವಿರಾರು ಸೂಕ್ಷ್ಮರಂಧ್ರಗಳಿಂದ ಬರುವ ಗಾಳಿಯೇ ಅದಕ್ಕೆ ಉಸಿರು. ಎಲುಬಿಗೆ ಬೇಕಾದ ಸುಣ್ಣವೂ ಬಹುಪಾಲು ಚಿಪ್ಪಿನದೇ. ಮನೆಯ ಗೋಡೆಯನ್ನೇ ತಿಂದು ಬೆಳೆಯುವ ಇಂಥ ಬಾಡಿಗೆದಾರನನ್ನು ಯಾವ ಯಜಮಾನ ಸಹಿಸಿಯಾನು! ಭ್ರೂಣ ಒಂದೆಡೆ ಅಂಟಿಕೊಳ್ಳದಂತೆ ತಾಯಿ ದಿನಕ್ಕೆ ಹಲವು ಬಾರಿ ಮೊಟ್ಟೆಗಳನ್ನು ಹೊರಳಿಸುತ್ತಾಳೆ. ಹತ್ತೊಂಬತ್ತು ಇಪ್ಪತ್ತನೆಯ ದಿನಗಳಲ್ಲಿ ಮರಿ ಮೊಟ್ಟೆಯ ದಪ್ಪ ತುದಿಯಲ್ಲಿರುವ ಗಾಳಿಗೂಡಿಗೆ ಕೊಕ್ಕು ತೂರಿಸಿ ಮೊದಲ ಉಸಿರೆಳೆಯುತ್ತದೆ, ಚಿಪ್ಪಿನೊಳಗಿನಿಂದಲೇ ಚಿಲಿಪಿಲಿಗುಟ್ಟುತ್ತದೆ. ಚಿಪ್ಪು ಕುಟ್ಟಲು ಕೊಕ್ಕಿನ ತುದಿಯಲ್ಲೊಂದು ಗಟ್ಟಿ ಮೊನೆ. ಅದಕ್ಕೆ ವಿಜ್ಞಾನಿಗಳು ‘ಮೊಟ್ಟೆಹಲ್ಲು’ ಎನ್ನುತ್ತಾರೆ. ನಿಜವಾದ ಹಲ್ಲಲ್ಲ, ಕೆಲವು ದಿನಗಳಲ್ಲಿ ಉದುರಿಹೋಗುತ್ತದೆ. ಆದರೂ ಒಂದು ದ್ವಿಜ ಇನ್ನೊಂದು ದ್ವಿಜಕ್ಕೆ ಬಾಗಿಲು ತೆರೆಯಿತಲ್ಲ ಎಂದು ನಾನು ಹಿಗ್ಗಿದೆ.

ಇಪ್ಪತ್ತೊಂದನೆಯ ದಿನ ಒಂಬತ್ತು ಮರಿಗಳು ಹೊರಬಂದವು. ಒಂದು ಮೊಟ್ಟೆ ಗೊಡ್ಡು. ಇನ್ನೊಂದರಲ್ಲಿ ಬೆಳಿಗ್ಗೆಯೇ ಸಣ್ಣ ತೂತಾಗಿತ್ತು. ಮಧ್ಯಾಹ್ನವಾದರೂ ಅಷ್ಟೇ ಇತ್ತು. ಅಜ್ಜಿ ಸಂತೆಗೆ ಹೋಗಿದ್ದಳು. “ಅಪ್ಪಾ, ಪಾಪ, ಅದಕ್ಕೆ ಶಕ್ತಿಯಿಲ್ಲ, ನಾವೇ ತೆಗೆಯೋಣ” ಎಂದಳು ಮಗಳು. ಅರ್ಧ ಓದಿದ ಪುಸ್ತಕದ ಧೈರ್ಯ ನನಗೂ ಇತ್ತು. ಉಗುರಿನಿಂದ ಚಿಪ್ಪನ್ನು ಚೂರುಚೂರಾಗಿ ಬಿಡಿಸಿದೆ. ಒಳಗಿನ ಬಿಳಿ ಪೊರೆ ಹರಿದಾಗ ಅದರ ಮೇಲೊಂದು ಕೆಂಪು ಗೆರೆ ಮೂಡಿತು, ನಿಲ್ಲದೆ ಹರಿಯಿತು. ಮರಿಯ ಹೊಟ್ಟೆಯ ಬಳಿ ಹಳದಿ ಇನ್ನೂ ಹೊರಗೇ ಇತ್ತು. ಸಂಜೆಯ ಹೊತ್ತಿಗೆ ಅದು ತಣ್ಣಗಾಯಿತು.

ಅಜ್ಜಿ ಬಂದು ನೋಡಿದಳು. ಬೈಯಲಿಲ್ಲ. “ತೂತು ಮಾಡಿ ಸುಮ್ನೆ ಕೂತಿದೆ ಅಂದ್ಕೊಂಡ್ರಾ ಮೇಷ್ಟ್ರೇ? ಅದಕ್ಕಿನ್ನೂ ಒಳಗೆ ಕೆಲ್ಸ ಇತ್ತು.”

ಓದದೆ ಉಳಿಸಿದ್ದ ಪುಟಗಳಲ್ಲಿ ಅದೇ ಮಾತಿತ್ತು. ಮೊದಲ ಬಿರುಕಿಗೂ ಹೊರಬರುವುದಕ್ಕೂ ನಡುವೆ ಹನ್ನೆರಡು ಗಂಟೆ ಹಿಡಿಯಬಹುದು, ಇಡೀ ದಿನವೇ ಹಿಡಿಯಬಹುದು. ಆ ಹೊತ್ತಿನಲ್ಲಿ ಮರಿಯು ಪೊರೆಯ ನಾಳಗಳಲ್ಲಿರುವ ರಕ್ತವನ್ನು ಮೈಯೊಳಕ್ಕೆ ಹಿಂತೆಗೆದುಕೊಳ್ಳುತ್ತದೆ. ಉಳಿದ ಹಳದಿಯೂ ಅಷ್ಟರೊಳಗೆ ಹೊಟ್ಟೆ ಸೇರಬೇಕು. ಹುಟ್ಟಿದ ಮೇಲೆ ಎರಡು ಮೂರು ದಿನಕ್ಕೆ ಅದೇ ಬುತ್ತಿ. ಇದೆಲ್ಲ ಮುಗಿದ ಮೇಲೆಯೇ ಮರಿ ಸುತ್ತ ತಿರುಗುತ್ತ ಚಿಪ್ಪನ್ನು ಟೋಪಿಯಂತೆ ಕೊರೆದು ಕಾಲಿನಿಂದ ಒದೆಯುವುದು.

ಅಜ್ಜಿ ಈಗ ಮತ್ತೊಂದು ಹೇಂಟೆಯನ್ನು ಕೂರಿಸಿದ್ದಾಳೆ. ನಿನ್ನೆಗೆ ಹದಿನೆಂಟು ದಿನ. ಮಗಳು ಬುಟ್ಟಿಯ ಹತ್ತಿರ ಹೋಗುವಾಗ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾಳೆ.