ಜೇಕು: ಹೊಲದ್ದೂ ಕಾಡಿನದೂ

ಹಾನಗಲ್ಲ, ಶಿಗ್ಗಾಂವಿಗಳ ಭತ್ತದ ಗದ್ದೆಯಲ್ಲಾಗಲಿ, ಸವಣೂರಿನ ಎಲೆಬಳ್ಳಿಯ ತೋಟದಲ್ಲಾಗಲಿ, ಹಿರೇಕೆರೂರಿನ ಕೆರೆಯಂಚಿನಲ್ಲಾಗಲಿ ಜೇಕನ್ನು ಕಾಣದ ಒಕ್ಕಲಿಗನಿಲ್ಲ. ಕಿತ್ತಷ್ಟೂ ಚಿಗುರುವ ಈ ಕಸವನ್ನು ಶಪಿಸದವರೂ ಇಲ್ಲ. ಆದರೆ ಜೇಕು ಹುಲ್ಲಲ್ಲವೆಂಬುದನ್ನು ಬಲ್ಲವರು ಕೆಲವರೇ.

ಇದನ್ನರಿಯಲು ಯಂತ್ರವೇನೂ ಬೇಡ. ಹೂವಿನ ದಂಟನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿರಿ. ಹುಲ್ಲಿನ ಕಾಂಡವು ಸಾಮಾನ್ಯವಾಗಿ ದುಂಡಗೆ, ಗೆಣ್ಣುಗೆಣ್ಣಾಗಿ, ಒಳಗೆ ಪೊಳ್ಳಾಗಿರುತ್ತದೆ. ಜೇಕಿನ ದಂಟಿಗಾದರೋ ಮೂರು ಏಣುಗಳುಂಟು, ಒಳಗೆ ತಿರುಳುಂಟು. ಎಲೆಗಳೂ ಮೂರು ಸಾಲಾಗಿಯೇ ಹೊರಡುತ್ತವೆ. ಈ ವಂಶದಲ್ಲಿ ಜಗತ್ತಿನಾದ್ಯಂತ ಸುಮಾರು 5500 ಜಾತಿಗಳಿವೆ. ಪ್ರಾಚೀನ ಈಜಿಪ್ತದವರು ಬರೆಯುವ ಹಾಳೆಗಳನ್ನು ಮಾಡುತ್ತಿದ್ದ ಪಪೈರಸ್ ಸಹ ಇವುಗಳಲ್ಲೊಂದು.

ಸಂಸ್ಕೃತದಲ್ಲಿ ಜೇಕಿನ ಗಡ್ಡೆಗೆ ಮುಸ್ತಾ ಎಂದು ಹೆಸರು. ಮೇಘವಾಚಕ ಶಬ್ದಗಳು ಇದಕ್ಕೂ ಸಲ್ಲುವುವೆಂದು ಅಮರಸಿಂಹನು ಸೂಚಿಸಿದ್ದಾನೆ. ಕಾಳಿದಾಸನ ಶಾಕುಂತಲದಲ್ಲಿ ಕಾಡುಹಂದಿಗಳು ಹೊಂಡದಲ್ಲಿ ಕೆದಕುವುದೂ ಇದನ್ನೇ. ಚರಕಸಂಹಿತೆಯು ಪಾಚಕ ದ್ರವ್ಯಗಳಲ್ಲಿ ಇದಕ್ಕೆ ಅಗ್ರಸ್ಥಾನವಿತ್ತಿದೆ. ಇಂತಹ ಗಿಡವನ್ನೇ 1977ರಲ್ಲಿ ಪ್ರಕಟವಾದ ಸಸ್ಯತಜ್ಞರ ಗ್ರಂಥವೊಂದು ಜಗತ್ತಿನ ಅತಿ ದುಷ್ಟ ಕಳೆಯೆಂದು ಎಣಿಸಿತು! ಕಾರಣವು ಸ್ಪಷ್ಟವಾಗಿದೆ. ನೆಲದೊಳಗೆ ಸರಪಳಿಯಂತೆ ಹಬ್ಬಿದ ಗಡ್ಡೆಗಳನ್ನು ಕುಂಟೆಯು ತುಂಡರಿಸಿದರೆ, ಬಿಡಿಯಾದ ಒಂದೊಂದು ಗಡ್ಡೆಯೂ ಹೊಸ ಗಿಡವಾಗಬಲ್ಲದು.

ಇನ್ನು ಇದರ ಕಾಡಿನ ದಾಯಾದಿಯನ್ನು ನೋಡೋಣ. ಪಶ್ಚಿಮಘಟ್ಟದ ನಿತ್ಯಹಸುರಿನ ಅರಣ್ಯದಲ್ಲಿ, ತೊರೆಗಳ ಮಗ್ಗುಲಲ್ಲಿ, ಹೈಪೋಲಿಟ್ರಮ್ ನೆಮೋರಮ್ ಎಂಬ ಬಹುವಾರ್ಷಿಕ ಜೇಕು ಬೆಳೆಯುತ್ತದೆ. ನೆಮೋರಮ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ‘ವನಗಳ’ ಎಂದರ್ಥ. ಇದಕ್ಕೂ ನೆಲದೊಳಗೆ ಗಟ್ಟಿಯಾದ ಬೇರುಕಾಂಡವುಂಟು. ಆದರೆ ಹೊಲದ ಜೇಕಿನ ಮೊಂಡತನವಿಲ್ಲ. ಇದಕ್ಕೆ ನೆರಳೂ ಬೇಕು, ತೇವವೂ ಬೇಕು. ಮೇಲಿನ ಮರ ಉರುಳಿ ಕೆಳಗಿನ ತೊರೆ ಬತ್ತಿದರೆ, ಯಾರೂ ಕೀಳದೆಯೇ ಇದರ ನೆಲೆ ತಪ್ಪುತ್ತದೆ.

ಬಯಲಿನವರಾದ ನಮಗೆ ಇದರಿಂದೇನು ಎಂದು ವಾಚಕರು ಕೇಳಬಹುದು. ಹಾನಗಲ್ಲ, ಸವಣೂರ ಸೀಮೆಗಳಲ್ಲಿ ಹರಿಯುವ ವರದೆಯು ಹುಟ್ಟುವುದು ಸಾಗರದ ಹತ್ತಿರದ ವರದಾಮೂಲದಲ್ಲಿ. ಹಿರೇಕೆರೂರ ಸೀಮೆಯ ಮದಗದ ಕೆರೆಗೆ ನೀರೀಯುವ ಕುಮುದ್ವತಿಯು ಇಳಿದುಬರುವುದು ಹುಂಚದ ಗುಡ್ಡಗಳಿಂದ. ನಮ್ಮ ಗದ್ದೆಗಳನ್ನು ತಣಿಸುವ ನೀರು ಮಲೆನಾಡಿನದು. ಕಾಡುಜೇಕನ್ನು ಕಾಯುವ ನೆರಳೇ ಆ ತೊರೆಗಳನ್ನೂ ಕಾಯುತ್ತದೆ.

ಆದುದರಿಂದ ತಾಯಿತಂದೆಗಳು ಹೊಲದ ಬದುವಿನಲ್ಲಿ ಮಕ್ಕಳಿಗೆ ಮೂರೇಣಿನ ದಂಟನ್ನು ತೋರಿಸತಕ್ಕದ್ದು. ಗದ್ದೆಯ ಜೇಕನ್ನು ಅವರು ಧಾರಾಳವಾಗಿ ಕೀಳಲಿ. ಘಟ್ಟದ ತೊರೆಯಂಚಿನದನ್ನು ಕಣ್ತುಂಬ ನೋಡಿ ಅಲ್ಲಿಯೇ ಬಿಟ್ಟುಬರಲಿ.