ಹಕ್ಕಿಯನ್ನು ಮನೆಗೆ ತರುವ ಮುನ್ನ

ಊರಿನ ಮಾತು ಬಂದಾಗ ನಮ್ಮ ಹಿರಿಯರು ತಪ್ಪದೆ ನೆನೆಯುವ ಚಿತ್ರವೊಂದಿದೆ: ಪಡಸಾಲೆಯ ಜಂತಿಗೆ ತೂಗುಹಾಕಿದ ಪಂಜರ, ಅದರೊಳಗೊಂದು ಹಸಿರು ಗಿಳಿ, ಹೊಸ್ತಿಲು ದಾಟಿದವರನ್ನೆಲ್ಲ ‘ಯಾರು ಬಂದ್ರು?’ ಎಂದು ವಿಚಾರಿಸುವ ಅದರ ಒರಟು ದನಿ. ಕನ್ನಡಿಗರಿಗೂ ಗಿಳಿಗೂ ನಂಟು ಹಳೆಯದು. ಬೇಲೂರಿನ ಮದನಿಕೆಯರಲ್ಲಿ ಒಬ್ಬಳು ಗಿಳಿಯೊಡನೆ ಮಾತಿಗಿಳಿದಿದ್ದಾಳೆ. ಅರ್ಥ ತಿಳಿಯದೆ ಒಪ್ಪಿಸುವುದನ್ನು ನಾವು ‘ಗಿಳಿಪಾಠ’ ಎನ್ನುತ್ತೇವೆ. ಮುದ್ದಿನ ಮಗಳು ನಮಗೆ ‘ಅರಗಿಣಿ’.

ಇಂಥ ಮಾತುಗಳನ್ನು ಕೇಳುತ್ತ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳ ಎರಡು ಕೋಣೆಯ ಫ್ಲ್ಯಾಟುಗಳಲ್ಲಿ ಬೆಳೆದ ನಮ್ಮ ಹುಡುಗ ಹುಡುಗಿಯರಿಗೆ ಒಂದು ಹಕ್ಕಿ ಸಾಕಬೇಕೆಂಬ ಆಸೆ ಹುಟ್ಟಿದರೆ ಆಶ್ಚರ್ಯವೇನಿಲ್ಲ. ನಾಯಿಗೆ ಸೊಸೈಟಿಯವರ ತಕರಾರು, ಬೆಕ್ಕಿಗೆ ಅಮ್ಮನ ತಕರಾರು. ಹಕ್ಕಿ ಪುಟ್ಟದು, ಒಂದು ಮೂಲೆಯಲ್ಲಿರುತ್ತದೆ, ಅದಕ್ಕೇನು ಖರ್ಚು ಎಂಬ ಲೆಕ್ಕಾಚಾರ. ಯುವ ಮಿತ್ರರೇ, ಈ ಲೆಕ್ಕವನ್ನು ಇನ್ನೊಮ್ಮೆ ಕೂಡಿಸಿ ನೋಡೋಣ.

ಅಜ್ಜಿಯ ಗಿಳಿ ಇಂದು ಸಲ್ಲದು

ಮೊದಲ ಮಾತು ಕಾಯಿದೆಯದು. ಊರ ಮನೆಗಳಲ್ಲಿದ್ದ ಹಸಿರು ಗಿಳಿಯನ್ನು ಇಂದು ಮಾರುವುದೂ ಕೊಳ್ಳುವುದೂ ಪಂಜರದಲ್ಲಿಡುವುದೂ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1991ರಲ್ಲಿ ಆದ ತಿದ್ದುಪಡಿಯ ನಂತರ ನಮ್ಮ ದೇಶದ ಕಾಡುಹಕ್ಕಿಗಳ ವ್ಯಾಪಾರ ನಿಂತುಹೋಗಬೇಕಿತ್ತು. ಆದರೂ ಗಿಳಿ, ಮೈನಾ, ಮುನಿಯಗಳು ಬಟ್ಟೆ ಮುಚ್ಚಿದ ಬುಟ್ಟಿಗಳಲ್ಲಿ ಮಾರಾಟವಾಗುತ್ತಲೇ ಇವೆ. ಮರದ ಪೊಟರೆಯಿಂದ ಮರಿಗಳನ್ನು ಕಿತ್ತು ತರುತ್ತಾರೆ. ಪೇಟೆ ತಲಪುವ ಮೊದಲೇ ಸಾಯುವವು ಎಷ್ಟೋ. ‘ಇದು ಮನೆಯಲ್ಲೇ ಹುಟ್ಟಿದ್ದು’ ಎಂದು ಅಂಗಡಿಯವನು ಹೇಳಿದರೂ ಕಾಯಿದೆ ಬದಲಾಗುವುದಿಲ್ಲ. ಗಿಳಿಶಾಸ್ತ್ರದವರ ಗಿಳಿಗೂ ಇದೇ ನಿಯಮ.

ಹಾಗಾದರೆ ಸಾಕಬಹುದಾದದ್ದು ಯಾವುದು? ಪಂಜರದಲ್ಲೇ ಹುಟ್ಟಿ ಬೆಳೆದ ವಿದೇಶಿ ತಳಿಗಳು. ನಮ್ಮ ಪೇಟೆಗಳಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವುದು ಹೆಚ್ಚಾಗಿ ಆಸ್ಟ್ರೇಲಿಯಾ ಮೂಲದ ಬಡ್ಜರಿಗಾರ್. ನಿಜವಾದ ಲವ್ ಬರ್ಡ್ ಆಫ್ರಿಕದ್ದು. ಜುಟ್ಟಿನ ಕಾಕಟೀಲ್ ಕೂಡ ಆಸ್ಟ್ರೇಲಿಯಾದ್ದೇ. ಆಫ್ರಿಕನ್ ಗ್ರೇಯಂಥ ದೊಡ್ಡ ಗಿಳಿಗಳ ವ್ಯಾಪಾರಕ್ಕೆ ಅಂತಾರಾಷ್ಟ್ರೀಯ ನಿರ್ಬಂಧವಿದೆ. ಅಂಥವನ್ನು ಇಟ್ಟುಕೊಂಡವರು 2024ರ ನಿಯಮಗಳ ಪ್ರಕಾರ ಸರ್ಕಾರದ ‘ಪರಿವೇಶ್’ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಕಾಗದಪತ್ರವಿಲ್ಲದ ಹಕ್ಕಿಯನ್ನು ಮುಟ್ಟದಿರುವುದೇ ಲೇಸು.

ಲೆಕ್ಕ ರೂಪಾಯಿಯದಲ್ಲ, ವರ್ಷಗಳದು

ಬಡ್ಜರಿಗಾರ್ ಚೆನ್ನಾಗಿ ನೋಡಿಕೊಂಡರೆ 5ರಿಂದ 10 ವರ್ಷ ಬಾಳುತ್ತದೆ. ಕಾಕಟೀಲ್ 15ರಿಂದ 20 ವರ್ಷ. ಆಫ್ರಿಕನ್ ಗ್ರೇ 40 ವರ್ಷವನ್ನೂ ದಾಟಬಲ್ಲದು.

ನಿಮಗೀಗ 20 ವರ್ಷ ಎಂದಿಟ್ಟುಕೊಳ್ಳಿ. ಇಂದು ತಂದ ಕಾಕಟೀಲ್‌ಗೆ ಮುಪ್ಪು ಬರುವಾಗ ನೀವು 40ರ ಹತ್ತಿರ. ಅಷ್ಟರಲ್ಲಿ ಓದು ಮುಗಿದು, ಬೆಂಗಳೂರಿನಲ್ಲೋ ಹೊರದೇಶದಲ್ಲೋ ಕೆಲಸ ಸಿಕ್ಕಿ, ಮದುವೆಯಾಗಿ, ಎರಡು ಮೂರು ಮನೆ ಬದಲಾಗಿರುತ್ತದೆ. ಹಾಸ್ಟೆಲಿನವರು ಹಕ್ಕಿಯನ್ನು ಒಳಗೆ ಬಿಡರು. ಬಾಡಿಗೆ ಮನೆಯ ಮಾಲೀಕರು ಮುಖ ಸಿಂಡರಿಸುತ್ತಾರೆ. ವಿಮಾನದಲ್ಲಿ ಪರದೇಶಕ್ಕೆ ಕೊಂಡೊಯ್ಯುವುದು ಸುಲಭದ ಮಾತಲ್ಲ. ಕೊನೆಗೆ ಪಂಜರ ಉಳಿಯುವುದೆಲ್ಲಿ? ಅಪ್ಪ ಅಮ್ಮನ ಬಾಲ್ಕನಿಯಲ್ಲಿ.

ನಮ್ಮ ಎಷ್ಟೋ ಮನೆಗಳಲ್ಲಿ ನಡೆಯುವುದು ಇದೇ. ಹಕ್ಕಿ ಮಗನದು, ಅದಕ್ಕೆ ನೀರಿಡುವವಳು ತಾಯಿ. ನಿವೃತ್ತರಾದ ಮೇಲೆ ಊರಿಗೆ ಹೋಗಿ ಒಂದು ತಿಂಗಳು ಇದ್ದು ಬರೋಣ ಎಂದು ಕಾದಿದ್ದ ದಂಪತಿ ‘ಹಕ್ಕಿಯನ್ನು ಯಾರಿಗೆ ಬಿಡುವುದು?’ ಎಂದು ಟಿಕೆಟ್ ರದ್ದು ಮಾಡುವುದುಂಟು. ಆದ್ದರಿಂದ ಹಕ್ಕಿ ತರುವ ನಿರ್ಧಾರ ನಿಮ್ಮೊಬ್ಬರದಲ್ಲ. ‘ನಾನೇ ಎಲ್ಲ ನೋಡಿಕೊಳ್ತೀನಿ’ ಎಂಬ ಮಾತು ಅಮ್ಮನಿಗೆ ಹೊಸದೇನಲ್ಲ. ಅದರ ಬದಲು, ‘ಐದು ವರ್ಷದ ನಂತರ ನಾನಿಲ್ಲಿಲ್ಲದಿದ್ದರೆ ನಿನಗೆ ಇದು ಬೇಕೇ?’ ಎಂದು ಕೇಳಿ. ಆಕೆ ಮನಸಾರೆ ಹೂಂ ಎಂದರೆ ಮುಂದಿನ ಮಾತು.

ಮನೆ ಹಕ್ಕಿಗೆ ತಕ್ಕದ್ದೇ?

ಮನೆ ಹಕ್ಕಿಗೆ ಒಗ್ಗುತ್ತದೆಯೇ ಎಂಬುದು ಎರಡನೆಯ ಪ್ರಶ್ನೆ. ಬಡ್ಜರಿಗಾರಿನ ತೂಕ ಸುಮಾರು 35 ಗ್ರಾಂ. ಅಷ್ಟು ಚಿಕ್ಕ ಜೀವಕ್ಕೆ ನಮ್ಮ ಅಡುಗೆಮನೆಯೇ ಅಪಾಯ. ನಾನ್‌ಸ್ಟಿಕ್ ತವೆ ಅತಿಯಾಗಿ ಕಾದರೆ ಹೊರಡುವ ಹೊಗೆ ನಮಗೆ ಗೊತ್ತಾಗುವ ಮೊದಲೇ ಹಕ್ಕಿಯನ್ನು ಕೊಲ್ಲಬಲ್ಲದು. ಊದುಬತ್ತಿ, ಸೊಳ್ಳೆಬತ್ತಿಗಳ ಹೊಗೆಯೂ ಅದಕ್ಕಾಗದು. ಪಂಜರದಿಂದ ಹೊರಬಿಟ್ಟಾಗ ತಿರುಗುವ ಫ್ಯಾನು, ತೆರೆದ ಕಿಟಕಿ ಎರಡೂ ಶತ್ರುಗಳೇ.

ಮನೆಯವರ ಆರೋಗ್ಯವನ್ನೂ ನೋಡಬೇಕು. ಕಾಕಟೀಲಿನ ಗರಿಗಳಿಂದ ಬಿಳಿಯ ಪುಡಿ ಉದುರುತ್ತದೆ. ಅಜ್ಜನಿಗೋ ತಮ್ಮನಿಗೋ ಆಸ್ತಮಾ ಇದ್ದರೆ ವೈದ್ಯರನ್ನು ಕೇಳದೆ ತರಬೇಡಿ. ರಾತ್ರಿ ಹನ್ನೊಂದರವರೆಗೆ ಟಿ.ವಿ. ಉರಿಯುವ ಹಾಲ್‌ನಲ್ಲೇ ಪಂಜರವಿದ್ದರೆ ಹಕ್ಕಿಗೆ ಬೇಕಾದ 10–12 ಗಂಟೆಗಳ ನಿದ್ರೆ ಎಲ್ಲಿಂದ ಬರಬೇಕು?

ಅಂಗಡಿಯವರು ‘ಕಂಗ್ನಿ’ ಎಂದು ಕೊಡುವ ಕಾಳು ನಮ್ಮ ನವಣೆಯೇ. ಅದೊಂದೇ ಸಾಲದು. ಕೊತ್ತಂಬರಿ, ನುಗ್ಗೆಸೊಪ್ಪು, ಕ್ಯಾರೆಟ್ ಬೇಕು. ಚಾಕೊಲೇಟ್, ಬೆಣ್ಣೆಹಣ್ಣು ವಿಷ. ಇವೆಲ್ಲಕ್ಕಿಂತ ಹೆಚ್ಚಾಗಿ ಬೇಕಾದದ್ದು ಜೊತೆ. ಇವು ಹಿಂಡಿನಲ್ಲಿ ಬಾಳುವ ಹಕ್ಕಿಗಳು. ದಿನವಿಡೀ ಒಂಟಿಯಾಗಿ ಬಿಟ್ಟರೆ ಗಿಳಿಜಾತಿಯ ಹಕ್ಕಿ ತನ್ನ ಗರಿಗಳನ್ನು ತಾನೇ ಕಿತ್ತುಕೊಳ್ಳುವುದುಂಟು.

ಹಕ್ಕಿ ತನ್ನ ಕಾಯಿಲೆಯನ್ನು ಕೊನೆಯವರೆಗೆ ಮುಚ್ಚಿಡುತ್ತದೆ. ಹಾಗಾಗಿ ಹಕ್ಕಿಗಳನ್ನು ಬಲ್ಲ ಪಶುವೈದ್ಯರು ಹತ್ತಿರದಲ್ಲಿ ಯಾರಿದ್ದಾರೆಂದು ಮೊದಲೇ ತಿಳಿದಿರಬೇಕು. ದೆಹಲಿಯವರಿಗೆ ಕೆಂಪುಕೋಟೆಯ ಎದುರು, ಜೈನ ಲಾಲ್ ಮಂದಿರದ ಆವರಣದಲ್ಲಿ, 1929ರಲ್ಲಿ ಆರಂಭವಾದ ಹಕ್ಕಿಗಳ ಧರ್ಮಾಸ್ಪತ್ರೆಯಿದೆ. ಮುಂಬಯಿಯವರಿಗೆ ಪರೇಲಿನ ಹಳೆಯ ಪ್ರಾಣಿಗಳ ಆಸ್ಪತ್ರೆ ಇದೆ.

ಕನ್ನಡ ಮಾತಾಡೀತೇ?

ಇದು ಎಲ್ಲರ ಪ್ರಶ್ನೆ. ಬಡ್ಜರಿಗಾರ್ ಮಾತು ಕಲಿಯಬಲ್ಲದು, ಅದರಲ್ಲೂ ಗಂಡು. 1994ರಲ್ಲಿ ತೀರಿಕೊಂಡ ಅಮೆರಿಕದ ‘ಪಕ್’ ಎಂಬ ಬಡ್ಜರಿಗಾರ್ 1,728 ಪದಗಳನ್ನು ಕಲಿತು ಗಿನ್ನೆಸ್ ದಾಖಲೆ ಸೇರಿತು. ಆದರೆ ಅದು ಸಾವಿರಕ್ಕೊಂದು. ಹಕ್ಕಿ ಕಲಿಯುವುದು ನಾವು ಕಲಿಸಲು ಕೂತ ಮಾತಿಗಿಂತ ಮನೆಯಲ್ಲಿ ಮತ್ತೆ ಮತ್ತೆ ಕೇಳಿದ ಮಾತನ್ನು. ಅಮ್ಮ ಕನ್ನಡದಲ್ಲಿ ಕೇಳಿ, ನೀವು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಉತ್ತರಿಸುವ ಮನೆಯಾದರೆ ಹಕ್ಕಿಯೂ ನಿಮ್ಮ ದಾರಿಯನ್ನೇ ಹಿಡಿದೀತು! ಒಂದಕ್ಷರವೂ ಆಡದ ಹಕ್ಕಿ ನಿಮಗೆ ಬೇಕೇ ಎಂದು ಕೇಳಿಕೊಳ್ಳಿ. ಬೇಡವಾದರೆ ತರಬೇಡಿ.

ಕೊಳ್ಳುವುದಕ್ಕಿಂತ ದತ್ತು ಲೇಸು

ಎಲ್ಲ ಪ್ರಶ್ನೆಗಳಿಗೂ ಹೌದೆಂಬ ಉತ್ತರ ಬಂದರೆ ಅಂಗಡಿಗೆ ಓಡುವ ಮುನ್ನ ಸುತ್ತ ವಿಚಾರಿಸಿ. ವರ್ಗಾವಣೆಯಾಗಿ ಊರು ಬಿಡುವವರು, ಸಾಕಲಾರದೆ ಕೈಚೆಲ್ಲಿದವರು ಎಲ್ಲ ನಗರಗಳಲ್ಲೂ ಇದ್ದಾರೆ. ಅಂಥ ಹಕ್ಕಿಯ ವಯಸ್ಸು, ಸ್ವಭಾವ, ಆಹಾರ ಮೊದಲೇ ತಿಳಿಯುತ್ತದೆ. ಮರಿಗಾಗಿ ಇನ್ನೊಂದು ಗೂಡು ಹಾಕಿಸಿದಂತಾಗುವುದಿಲ್ಲ. ಹೊಸ ಮನೆಗೆ ಒಗ್ಗಲು ಅದಕ್ಕೆ ಕೆಲವು ವಾರ ಬೇಕಾದೀತು. ಅಷ್ಟು ತಾಳ್ಮೆ ಇರಲಿ. ಮನೆಯಲ್ಲಿ ಬೇರೆ ಹಕ್ಕಿಯಿದ್ದರೆ ಒಂದು ತಿಂಗಳು ಬೇರೆಯಾಗಿಯೇ ಇಡಿ.

ಇನ್ನೊಂದು ಮಾತು. ಸಾಕಲು ಬೇಸರವಾಯಿತೆಂದು ಬಡ್ಜರಿಗಾರನ್ನು ಆಕಾಶಕ್ಕೆ ಹಾರಿಬಿಡುವುದು ಪುಣ್ಯದ ಕೆಲಸವಲ್ಲ. ಪಂಜರದಲ್ಲೇ ಹುಟ್ಟಿದ ಅದಕ್ಕೆ ಆಹಾರ ಹುಡುಕಲು ಬಾರದು, ಕಾಗೆಯಿಂದ ತಪ್ಪಿಸಿಕೊಳ್ಳಲೂ ಬಾರದು. ಗಿಣಿ ಸಾಕಿ ಗಿಡುಗನ ಬಾಯಿಗೆ ಕೊಟ್ಟಂತೆ ಎಂದು ಹಿರಿಯರು ಹೇಳಿದ್ದು ಇದಕ್ಕೂ ಒಪ್ಪುತ್ತದೆ.

ಮೇ ತಿಂಗಳ ಪರೀಕ್ಷೆ

ಮನಸ್ಸು ತೂಗುಯ್ಯಾಲೆಯಾಡುತ್ತಿದ್ದರೆ ಸುಲಭದ ಪರೀಕ್ಷೆಯೊಂದಿದೆ. ಮೇ ತಿಂಗಳಲ್ಲಿ ನಮ್ಮ ಅನೇಕ ಕುಟುಂಬಗಳು ಊರಿಗೆ ಹೊರಡುತ್ತವೆ. ಹಕ್ಕಿ ಸಾಕಿದವರು ಅವರಲ್ಲಿ ಯಾರಾದರೂ ಇದ್ದರೆ ಹದಿನೈದು ದಿನ ಅದನ್ನು ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಿ. ಬೆಳಿಗ್ಗೆ ಆರಕ್ಕೆ ಅದರ ಕೂಗಿಗೆ ಎದ್ದು, ದಿನವೂ ಪಂಜರದ ಕಾಗದ ಬದಲಿಸಿ, ನೆಲದ ಮೇಲಿನ ಹೊಟ್ಟು ಗುಡಿಸಿ. ಪರೀಕ್ಷೆಯ ಹಿಂದಿನ ರಾತ್ರಿಯೂ ಬಿಡುವಿಲ್ಲ. ಹದಿನಾರನೆಯ ದಿನ ಪಂಜರ ಹೋದಾಗ ಹಾಯೆನಿಸಿತೋ, ಮನೆ ಬಿಕೋ ಎನಿಸಿತೋ? ಉತ್ತರ ಅಲ್ಲಿದೆ.

ಬೇಡವೆಂದು ತೀರ್ಮಾನಿಸಿದರೆ ನಾಚಬೇಕಾದ್ದೇನಿಲ್ಲ. ಅದೂ ಹಕ್ಕಿಯ ಮೇಲಿನ ಪ್ರೀತಿಯೇ. ಬಾಲ್ಕನಿಯಲ್ಲಿ ಮಣ್ಣಿನ ತಟ್ಟೆಯಲ್ಲಿ ನೀರಿಡಿ, ದಿನವೂ ತೊಳೆಯಿರಿ. ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ತಂದು ಅಪ್ಪನ ಜೊತೆ ಕೂತು ಓದಿ. ಪಿಕಳಾರ, ಸೂರಕ್ಕಿ, ಮಡಿವಾಳ, ಕೆಂಬೂತ ಎಲ್ಲವೂ ನಿಮ್ಮ ನಗರದ ಮರಗಳಲ್ಲೂ ಇವೆ. ಅಜ್ಜಿಯ ಹಸಿರು ಗಿಳಿಯೂ ಸಂಜೆ ಹಿಂಡು ಕಟ್ಟಿಕೊಂಡು ಕಿರುಚುತ್ತ ಹಾರಿಹೋಗುತ್ತದೆ. ಅದನ್ನು ಅಲ್ಲಿಯೇ ನೋಡಿ, ಅದರ ಹೆಸರನ್ನು ಕನ್ನಡದಲ್ಲಿ ಕರೆಯಿರಿ.