ತಿಗಣೆಯ ಕಾಟ ಮತ್ತು ಕುಟುಂಬದ ಆರೋಗ್ಯ

ಪಂಚತಂತ್ರದಲ್ಲಿ ಒಂದು ಕಥೆಯುಂಟು. ಅರಸನ ಹಾಸಿಗೆಯಲ್ಲಿ ಮಂದವಿಸರ್ಪಿಣಿಯೆಂಬ ಹೇನು ಬಹುಕಾಲದಿಂದ ವಾಸವಾಗಿತ್ತು. ಅಲ್ಲಿಗೆ ಅತಿಥಿಯಾಗಿ ಬಂದ ಅಗ್ನಿಮುಖನೆಂಬ ತಿಗಣೆಯು ಅರಸನು ನಿದ್ರಿಸುವ ಮುನ್ನವೇ ಆತುರದಿಂದ ಕಚ್ಚಿ ಮಂಚದ ಸಂದಿಗೆ ಸರಿದುಕೊಂಡಿತು. ದೀಪ ಹಿಡಿದು ಹುಡುಕಿದ ಸೇವಕರ ಕೈಗೆ ಸಿಕ್ಕಿ ಸತ್ತದ್ದು ಹೇನು. ತಪ್ಪು ಒಬ್ಬರದು, ಶಿಕ್ಷೆ ಮತ್ತೊಬ್ಬರಿಗೆ. ತಿಗಣೆಯ ವಿರುದ್ಧ ನಮ್ಮ ಮನೆಗಳಲ್ಲಿ ನಡೆಯುವ ಯುದ್ಧವೂ ಕೆಲವೊಮ್ಮೆ ಹೀಗೆಯೇ ಮುಗಿಯುತ್ತದೆ. ಸುರಿದ ವಿಷವು ಸಂದಿಯೊಳಗಿನ ತಿಗಣೆಗೆ ತಾಗದೆ, ಹಾಸಿಗೆಯ ಮೇಲಿನ ಮಗುವಿಗೆ ತಾಗುತ್ತದೆ.

ಶಿರಸಿಯಿಂದ ಯಲ್ಲಾಪುರದ ದಿಕ್ಕಿಗೆ ಹೋಗುವಾಗ ಸಿಗುವ ಸೋಂದಾ, ಸ್ವಾದಿ ಅರಸರ ರಾಜಧಾನಿಯಾಗಿದ್ದ ಊರು. ಸ್ವರವಚನಗಳನ್ನು ರಚಿಸಿದ ಸದಾಶಿವರಾಯ ಆಳಿದ ನೆಲವಿದು. ಅಡಿಕೆ ತೋಟ, ದಟ್ಟ ಕಾಡು, ಹಲವು ಮಠಗಳು ಇಲ್ಲಿವೆ. ಎಲ್ಲ ಮತಗಳ ಯಾತ್ರಿಕರೂ ಇಲ್ಲಿಗೆ ಬಂದು ಹೋಗುತ್ತಾರೆ. ಈ ಸೀಮೆಯ ಮನೆಗಳಲ್ಲಿ ಮಳೆಗಾಲದ ನಾಲ್ಕು ತಿಂಗಳು ಹಾಸಿಗೆಗೆ ಬಿಸಿಲು ಕಾಣಿಸುವುದೇ ಕಷ್ಟ. ಅಟ್ಟದ ಮೇಲೆ ಹಳೆಯ ಚಾಪೆ, ಕಂಬಳಿಗಳಿರುತ್ತವೆ. ಜಗಲಿಯಲ್ಲಿ ಅಜ್ಜನ ಕಾಲದ ಮರದ ಮಂಚವಿರುತ್ತದೆ. ತಿಗಣೆ ಸೇರಿಕೊಳ್ಳಲು ಇಷ್ಟು ಸಾಕು. ಮನೆಯ ಮಗ ಓದಲೆಂದು ಬೆಂಗಳೂರಿಗೋ ಹುಬ್ಬಳ್ಳಿಗೋ ಹೋಗಿ ರಜೆಗೆ ಮರಳುವಾಗ ಅವನ ಚೀಲದಲ್ಲಿಯೂ ಅದು ಬರಬಹುದು.

ಕೀಟದ ಸ್ವಭಾವ

ಸಂಸ್ಕೃತದಲ್ಲಿ ಮತ್ಕುಣವೆಂದು ಕರೆಯುವ ಈ ಕೀಟಕ್ಕೆ ಹಾರಲು ರೆಕ್ಕೆಯಿಲ್ಲ. ಬೆಳೆದ ತಿಗಣೆಯ ಉದ್ದ 4ರಿಂದ 5 ಮಿಲಿಮೀಟರ್. ಹೊಟ್ಟೆ ಹಸಿದಾಗ ಕಾಗದದಂತೆ ಚಪ್ಪಟೆಯಾಗಿದ್ದು, ರಕ್ತ ಹೀರಿದೊಡನೆ ಉಬ್ಬಿ ಕೆಂಪಾಗುತ್ತದೆ. ಹಗಲು ಹಾಸಿಗೆಯ ಹೊಲಿಗೆ, ಮಂಚದ ಕೀಲು, ಗೋಡೆಯ ಬಿರುಕು, ಕ್ಯಾಲೆಂಡರಿನ ಹಿಂಬದಿಗಳಲ್ಲಿ ಅಡಗಿದ್ದು, ರಾತ್ರಿ ನಮ್ಮ ಉಸಿರನ್ನೂ ಮೈಯ ಬಿಸಿಯನ್ನೂ ಅರಸಿ ಹೊರಬರುತ್ತದೆ. ಐದರಿಂದ ಹತ್ತು ನಿಮಿಷಗಳಲ್ಲಿ ಹೊಟ್ಟೆ ತುಂಬಿಸಿಕೊಂಡು ಹಿಂತಿರುಗುತ್ತದೆ. ಹೆಣ್ಣು ತಿಗಣೆ ತನ್ನ ಜೀವಿತದಲ್ಲಿ ನೂರಾರು ಮೊಟ್ಟೆಗಳನ್ನಿಡಬಲ್ಲದು. ರಕ್ತ ಸಿಗದಿದ್ದರೂ ತಿಂಗಳುಗಟ್ಟಲೆ ಬದುಕಿರಬಲ್ಲದು. ಆದುದರಿಂದ ಕೋಣೆಯನ್ನು ಕೆಲವು ವಾರ ಬೀಗ ಹಾಕಿಟ್ಟ ಮಾತ್ರಕ್ಕೆ ತಿಗಣೆ ಸಾಯುವುದಿಲ್ಲ.

ತಿಗಣೆ ಕೊಳಕು ಮನೆಯ ಗುರುತೆಂಬ ಭಾವನೆಯೂ ಸರಿಯಲ್ಲ. ಅದಕ್ಕೆ ಬೇಕಾದುದು ಕಸವಲ್ಲ, ರಕ್ತ. ಮನೆ ಎಷ್ಟೇ ಚೊಕ್ಕಟವಾಗಿರಲಿ, ಪ್ರಯಾಣದ ಗಂಟಿನೊಡನೆ ಅದು ಒಳಗೆ ಬರುತ್ತದೆ. ಇದನ್ನು ಅರಿಯದೆ ನಾಚಿಕೆಯಿಂದ ಮುಚ್ಚಿಟ್ಟ ಮನೆಯಲ್ಲಿಯೇ ಅದರ ಸಂತತಿ ನಿಶ್ಚಿಂತೆಯಿಂದ ಬೆಳೆಯುತ್ತದೆ.

ಆರೋಗ್ಯದ ಮೇಲೆ ಪರಿಣಾಮ

ತಿಗಣೆಯ ಕಡಿತದಿಂದ ಮನುಷ್ಯರಿಗೆ ಸಾಂಕ್ರಾಮಿಕ ರೋಗ ಹರಡುತ್ತದೆಂಬುದು ಈವರೆಗೆ ಸಿದ್ಧಪಟ್ಟಿಲ್ಲ. ಸೊಳ್ಳೆಯು ಮಲೇರಿಯಾ ತರುವಂತೆ, ಹೇನು ಟೈಫಸ್ ಜ್ವರ ತರುವಂತೆ ಇದು ಯಾವ ರೋಗವನ್ನೂ ಹೊತ್ತು ತರುವುದು ಕಂಡುಬಂದಿಲ್ಲ. ಹಾಗೆಂದು ಇದನ್ನು ಅಲಕ್ಷಿಸುವಂತೆಯೂ ಇಲ್ಲ. ಕಚ್ಚಿದೆಡೆ ದದ್ದು, ತುರಿಕೆ ಉಂಟಾಗುತ್ತವೆ. ಉಗುರಿನಿಂದ ಕೆರೆದಾಗ ಚರ್ಮ ಒಡೆದು ಕೀವು ತುಂಬುವುದುಂಟು. ಕೆಲವರಿಗೆ ಒಗ್ಗದಿಕೆಯಿಂದ ಮೈಯೆಲ್ಲ ಗಂಧೆ ಏಳುತ್ತದೆ. ತಿಗಣೆ ವಿಪರೀತ ಹೆಚ್ಚಿ ಬಹುದಿನ ಉಳಿದ ಕಡೆಗಳಲ್ಲಿ, ದುರ್ಬಲರಾದವರಲ್ಲಿ ರಕ್ತಹೀನತೆ ಕಾಣಿಸಿಕೊಂಡ ಅಪರೂಪದ ನಿದರ್ಶನಗಳೂ ಇವೆ.

ಇವೆಲ್ಲಕ್ಕಿಂತ ದೊಡ್ಡ ನಷ್ಟ ನಿದ್ರೆಯದು. ರಾತ್ರಿಯೆಲ್ಲ ಹೊರಳಾಡಿದ ವಿದ್ಯಾರ್ಥಿಗೆ ಹಗಲು ಪಾಠ ತಲೆಗೆ ಹತ್ತದು. ವೃದ್ಧರಿಗೆ ಆಯಾಸ, ತಾಯಂದಿರಿಗೆ ಸಿಡುಕು, ಮಕ್ಕಳಿಗೆ ಅಳು. ಹಾಸಿಗೆಯೆಂದರೆ ಭಯಪಡುವ ಸ್ಥಿತಿಗೆ ಕೆಲವರ ಮನಸ್ಸು ಹೋಗುತ್ತದೆ. ಈ ಭಯವೇ ಮನುಷ್ಯನನ್ನು ವಿಷದ ಡಬ್ಬಿಯ ಕಡೆಗೆ ಒಯ್ಯುತ್ತದೆ.

ಡಿಡಿಟಿ ಕಲಿಸಿದ ಪಾಠ

ಈ ಸೀಮೆಗೆ ವಿಷ ಸಿಂಪಡಣೆಯ ಅನುಭವ ಹೊಸದಲ್ಲ. ಒಂದು ಕಾಲಕ್ಕೆ ಮಲೆನಾಡೆಂದರೆ ಮಲೇರಿಯಾದ ತವರು. 1946ರ ಸುಮಾರಿಗೆ ಅಂದಿನ ಮುಂಬಯಿ ಪ್ರಾಂತದ ಕೆನರಾ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಮನೆಯ ಗೋಡೆಗಳಿಗೆ ಡಿಡಿಟಿ ಸಿಂಪಡಿಸುವ ದೊಡ್ಡ ಪ್ರಯೋಗ ನಡೆಯಿತು. ಮಲೇರಿಯಾ ಗಣನೀಯವಾಗಿ ತಗ್ಗಿತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾದಾಗ ಇಂತಹ ಅನುಭವಗಳೇ ಅದಕ್ಕೆ ಆಧಾರವಾದವು.

ಡಿಡಿಟಿ ಹೊಸದಾಗಿ ಬಂದಾಗ ಸೊಳ್ಳೆಯೊಡನೆ ತಿಗಣೆಯೂ ಸತ್ತಿತು. ಆದರೆ ಆ ನೆಮ್ಮದಿ ಬಹುಕಾಲ ಉಳಿಯಲಿಲ್ಲ. ಡಿಡಿಟಿಗೆ ಜಗ್ಗದ ತಿಗಣೆಗಳು 1947ರಲ್ಲಿಯೇ ಹವಾಯಿಯ ಪರ್ಲ್ ಹಾರ್ಬರಿನಲ್ಲಿ ಕಂಡುಬಂದಿದ್ದವು. ಮುಂದೆ ನಮ್ಮ ದೇಶದಲ್ಲಿಯೂ ಅದೇ ಆಯಿತು. ವಿಷಕ್ಕೆ ಸಾಯದೆ ಉಳಿದ ಕೆಲವು ತಿಗಣೆಗಳ ಸಂತಾನವೇ ಮನೆ ತುಂಬಿತು. ಬಳಿಕ ಬಂದ ಪೈರೆಥ್ರಾಯ್ಡ್ ವರ್ಗದ ಔಷಧಗಳನ್ನೂ ಇಂದಿನ ತಿಗಣೆಗಳು ಬಹಳ ಮಟ್ಟಿಗೆ ಜೀರ್ಣಿಸಿಕೊಂಡಿವೆ. ವಿಷದ ತೀಕ್ಷ್ಣತೆಯನ್ನು ಹೆಚ್ಚಿಸುತ್ತ ಹೋದರೆ ಗೆಲ್ಲುವುದು ತಿಗಣೆಯೇ ಹೊರತು ಮನುಷ್ಯನಲ್ಲ.

ಪ್ರಾಣಕ್ಕೆ ಎರವಾಗುವ ವಿಷ

ಅಂಗಡಿಯ ಔಷಧ ನಾಟದಿದ್ದಾಗ ಕೆಲವರು ಹೊಲ ತೋಟಗಳ ಕೀಟನಾಶಕವನ್ನೇ ಹಾಸಿಗೆಗೆ ಸಿಂಪಡಿಸುತ್ತಾರೆ. ಇನ್ನು ಕೆಲವರು ಧಾನ್ಯದ ಉಗ್ರಾಣಗಳಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳನ್ನು ಕೋಣೆಯಲ್ಲಿಡುತ್ತಾರೆ. ಗಾಳಿಯ ತೇವ ತಗುಲಿದೊಡನೆ ಈ ಮಾತ್ರೆಯಿಂದ ಫಾಸ್ಫೀನ್ ಎಂಬ ಘೋರ ವಿಷಾನಿಲ ಹೊರಡುತ್ತದೆ. ಈ ವಿಷಕ್ಕೆ ಪ್ರತ್ಯೌಷಧವೇ ಇಲ್ಲ. ಜನವಾಸದ ಮನೆಯಲ್ಲಿ ಅದನ್ನು ಬಳಸಲೇಬಾರದು.

ಇದು ಉತ್ಪ್ರೇಕ್ಷೆಯ ಮಾತಲ್ಲ. 2022ರಲ್ಲಿ ಬೆಂಗಳೂರಿನ ಬಾಡಿಗೆ ಮನೆಯೊಂದರಲ್ಲಿ ಕೀಟನಾಶಕ ಸಿಂಪಡಿಸಿದ ಬಳಿಕ ಅಲ್ಲಿಗೆ ಹಿಂತಿರುಗಿದ ಕುಟುಂಬದ ಎಂಟು ವರ್ಷದ ಬಾಲಕಿ ಅಸುನೀಗಿದಳು. 2025ರ ಅಕ್ಟೋಬರಿನಲ್ಲಿ ಅದೇ ನಗರದ ವಸತಿಗೃಹವೊಂದರಲ್ಲಿ, ತಾನು ಊರಿಗೆ ಹೋಗಿದ್ದಾಗ ತಿಗಣೆಗಾಗಿ ವಿಷವಿಟ್ಟಿದ್ದ ಕೋಣೆಗೆ ಮರಳಿ ಮಲಗಿದ ವಿದ್ಯಾರ್ಥಿಯೊಬ್ಬ ಮೃತಪಟ್ಟನೆಂದು ಪತ್ರಿಕೆಗಳು ವರದಿ ಮಾಡಿದವು. ತಿಗಣೆಯಿಂದ ಸಾಯದ ಮಕ್ಕಳು ತಿಗಣೆಯ ಔಷಧದಿಂದ ಸತ್ತರು. ಮಕ್ಕಳನ್ನು ಪರಊರಿನಲ್ಲಿ ಓದಲು ಬಿಟ್ಟ ತಂದೆತಾಯಿಗಳು ಅವರಿಗೆ ಒಂದು ಮಾತು ಹೇಳಿಡಬೇಕು. ರಜೆಯಿಂದ ಮರಳಿದಾಗ ಕೋಣೆಗೆ ಏನಾದರೂ ಸಿಂಪಡಿಸಿದ್ದಾರೆಯೇ ಎಂದು ಮೊದಲು ಕೇಳಬೇಕು. ಬೆಳ್ಳುಳ್ಳಿಯಂತಹ ಅಥವಾ ಕೊಳೆತ ಮೀನಿನಂತಹ ವಾಸನೆ ಬಂದರೆ ಒಳಗೆ ಮಲಗಬಾರದು. ವಾಸನೆಯಿಲ್ಲದ ಮಾತ್ರಕ್ಕೆ ಅಪಾಯವಿಲ್ಲವೆಂದೂ ಅಲ್ಲ. ವಾಂತಿ, ಎದೆ ಬಿಗಿತ, ಉಸಿರಾಟದ ತೊಂದರೆ ಕಾಣಿಸಿದರೆ ಕೂಡಲೇ ಹೊರಗೆ ಬಂದು ಆಸ್ಪತ್ರೆ ಸೇರಬೇಕು. ಬಳಸಿದ ವಿಷದ ಹೆಸರನ್ನು ವೈದ್ಯರಿಗೆ ತಿಳಿಸಬೇಕು.

ಉಣುಗಿನ ಕಡಿತ ಬೇರೆ

ಮಲೆನಾಡಿನ ಓದುಗರಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ಕಾಡಿನಂಚಿನಲ್ಲಿ ಮೈಗೆ ಹತ್ತುವ ಉಣುಗಿನ ಕಡಿತವನ್ನು ತಿಗಣೆಯದೆಂದು ಭ್ರಮಿಸಬಾರದು. 1957ರಲ್ಲಿ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವುದು ಈ ಉಣುಗು. 2024ರ ಆರಂಭದಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಅದು ಹಲವರನ್ನು ಬಾಧಿಸಿ ಜೀವಹಾನಿಗೂ ಕಾರಣವಾಯಿತು. ಬೇಸಿಗೆಯ ತಿಂಗಳುಗಳಲ್ಲಿ ದರಕು, ಸೊಪ್ಪು ತರಲು ಬೆಟ್ಟಕ್ಕೆ ಹೋಗಿಬಂದವರಿಗೆ ಹಠಾತ್ತನೆ ಜ್ವರ, ತೀವ್ರ ತಲೆನೋವು, ಮೈಕೈ ನೋವು ಬಂದರೆ ತಡಮಾಡದೆ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸತಕ್ಕದ್ದು. ತಿಗಣೆಯ ಕಡಿತದಿಂದ ಜ್ವರ ಬರುವುದಿಲ್ಲವೆಂಬುದನ್ನು ನೆನಪಿಟ್ಟರೆ ಸಾಕು.

ಮಾಡತಕ್ಕದ್ದೇನು?

ತಿಗಣೆಯ ನಿಜವಾದ ಶತ್ರು ಬಿಸಿ. 50 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖ ತಾಗಿದರೆ ತಿಗಣೆಯೂ ಅದರ ಮೊಟ್ಟೆಯೂ ಉಳಿಯುವುದಿಲ್ಲ. ಹೊದಿಕೆ, ದಿಂಬಿನ ಚೀಲ, ಬಟ್ಟೆಗಳನ್ನು ಕುದಿಯುವ ನೀರಿನಲ್ಲಿ ನೆನೆಸಿ ಒಗೆಯಬೇಕು. ಮಂಚದ ಕೀಲುಗಳನ್ನು ಬಿಚ್ಚಿ ಅಂಗಳದಲ್ಲಿಟ್ಟು ಕುದಿನೀರು ಸುರಿಯುವ ನಮ್ಮ ಅಜ್ಜಿಯರ ಕ್ರಮ ಇಂದಿಗೂ ಶ್ರೇಷ್ಠ. ದಪ್ಪ ಹಾಸಿಗೆಯನ್ನು ಬಿಸಿಲಿಗಿಟ್ಟರೆ ತಿಗಣೆ ನೆರಳಿನ ಮಗ್ಗುಲಿಗೆ ಸರಿಯುತ್ತದೆಯಾದ್ದರಿಂದ ಆಗಾಗ ಮಗುಚಿ, ಹೊಲಿಗೆಗಳನ್ನು ಗಟ್ಟಿ ಬ್ರಷ್‌ನಿಂದ ಉಜ್ಜಬೇಕು. ಗೋಡೆಯ ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಬೇಕು. ಮಂಚವನ್ನು ಗೋಡೆಯಿಂದ ದೂರವಿಟ್ಟು, ಹೊದಿಕೆ ನೆಲಕ್ಕೆ ತಾಗದಂತೆ ನೋಡಿಕೊಳ್ಳಬೇಕು. ಮೊಟ್ಟೆಗಳು ಮರಿಯಾಗಲು ಒಂದೆರಡು ವಾರ ಬೇಕಾಗುವುದರಿಂದ ಇದನ್ನೆಲ್ಲ ವಾರಕ್ಕೊಮ್ಮೆಯಂತೆ ಹಲವು ಬಾರಿ ಮಾಡಬೇಕು. ಸೀಮೆಎಣ್ಣೆ ಸುರಿಯುವುದು ಬೆಂಕಿಗೆ ಆಹ್ವಾನ. ಔಷಧ ಅನಿವಾರ್ಯವಾದರೆ ಪರವಾನಗಿ ಇರುವ ತಜ್ಞರಿಂದಲೇ ಮಾಡಿಸಿ, ಅವರು ಹೇಳಿದಷ್ಟು ಕಾಲ ಮನೆಯಿಂದ ಹೊರಗಿರಬೇಕು.

ಯಾತ್ರೆಗೆ ಹೋದಾಗ ಚೀಲವನ್ನು ಮಂಚದ ಮೇಲಿಡಬಾರದು. ಮನೆಗೆ ಬಂದೊಡನೆ ಬಟ್ಟೆಗಳನ್ನು ನೇರವಾಗಿ ಬಿಸಿನೀರಿಗೆ ಹಾಕಬೇಕು. ಮಠಗಳ ಪ್ರಸಾದ ನಿಲಯಗಳನ್ನು ನೋಡಿಕೊಳ್ಳುವವರಿಗೆ ಒಂದು ವಿನಂತಿ. ನೂರಾರು ಮಕ್ಕಳು ಒಟ್ಟಿಗೆ ಮಲಗುವಲ್ಲಿ ಒಬ್ಬನ ಹಾಸಿಗೆಯನ್ನು ಮಾತ್ರ ಶುದ್ಧಗೊಳಿಸಿದರೆ ಪ್ರಯೋಜನವಿಲ್ಲ. ತಿಂಗಳಿಗೊಂದು ದಿನ ಎಲ್ಲ ಹಾಸಿಗೆ, ಟ್ರಂಕುಗಳ ತಪಾಸಣೆಯನ್ನು ಕಾಯಕವೆಂದು ಭಾವಿಸಿ ಎಲ್ಲರೂ ಕೂಡಿ ಮಾಡಲಿ. ತಿಗಣೆಯಿದೆಯೆಂದು ಹೇಳಿದ ಹುಡುಗನನ್ನು ಯಾರೂ ಹಳಿಯದಿರಲಿ. ದಾಸೋಹವೆಂದರೆ ಅನ್ನವಿಕ್ಕುವುದಷ್ಟೇ ಅಲ್ಲ. ಉಂಡ ಮಗು ನೆಮ್ಮದಿಯಿಂದ ನಿದ್ರಿಸುವಂತೆ ನೋಡಿಕೊಳ್ಳುವುದೂ ದಾಸೋಹವೇ.

ಶರಣರು ಅಂತರಂಗ, ಬಹಿರಂಗ ಎರಡರ ಶುದ್ಧಿಯನ್ನೂ ಬೇರ್ಪಡಿಸದೆ ಕಂಡವರು. ತಿಗಣೆಯ ವಿಷಯದಲ್ಲಿಯೂ ಈ ಎರಡೂ ಬೇಕು. ಹಾಸಿಗೆ ಶುಚಿಯಾಗಿರಲಿ, ಮನಸ್ಸಿನಲ್ಲಿ ಮುಚ್ಚುಮರೆ, ಆತುರಗಳು ಇಲ್ಲದಿರಲಿ. ಕುದಿನೀರಿನ ಪಾತ್ರೆಯಿಂದ ಆಗುವ ಕೆಲಸಕ್ಕೆ ವಿಷದ ಡಬ್ಬಿ ತರುವುದು ಬೇಡ.